ಕುರಿಗಳಿಗೆ ಓಟು ಕೊಡಿಸಿದ ಮಾಳಿಂಗರಾಯ

ಶಿರೂರಿನ ಮಾಳಿಂಗರಾಯ ತನ್ನ ಎಪ್ಪತ್ತೊಂದು ವರ್ಷಗಳಲ್ಲಿ ಯಾವ ಪ್ರಶ್ನೆಯನ್ನೂ ಉತ್ತರವಿಲ್ಲದೆ ಬರಿಗೈಲಿ ಕಳಿಸಿದವನಲ್ಲ. ಉತ್ತರ ಗೊತ್ತಿತ್ತೋ ಇಲ್ಲವೋ ಎನ್ನುವುದು ಬೇರೆ ಮಾತು. ಅಂಥ ಸಣ್ಣ ವಿಷಯಕ್ಕೆ ಅವನು ತಲೆ ಕೆಡಿಸಿಕೊಂಡವನೂ ಅಲ್ಲ.

ಇದು ಅವನಿಗೆ ಡೊಳ್ಳಿನಿಂದ ಬಂದ ಗುಣ. ಕುರಿ ಕಾಯುವುದು ಹೊಟ್ಟೆಪಾಡು. ಡೊಳ್ಳಿನ ಪದ ಅವನ ರಾಜ್ಯಭಾರ. ನಮ್ಮ ಕಡೆ ಡೊಳ್ಳಿನ ಪದವೆಂದರೆ ಎರಡು ಮೇಳಗಳ ಯುದ್ಧ. ಶಿವ ಹೆಚ್ಚು, ಗಂಡು ಹೆಚ್ಚು ಎಂದು ಹಾಡುವವರು ಹರದೇಶಿ. ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುವವರು ನಾಗೇಶಿ. ಒಬ್ಬರು ಹಾಡಿನಲ್ಲಿ ಸವಾಲು ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. "ಭೂಮಿ ಹುಟ್ಟೂ ಮೊದಲ ಬೀರಪ್ಪ ದೇವರ ಕಂಬಳಿ ಎಲ್ಲಿತ್ತು?" ಎಂದು ಕೇಳಿದಾಗ "ಗೊತ್ತಿಲ್ಲ" ಎಂದವನು ಅಲ್ಲಿಗೇ ಸೋತ. ಆದ್ದರಿಂದ ಹರದೇಶಿ ಮೇಳದ ಮುಖ್ಯ ಗಾಯಕನಾದ ಮಾಳಿಂಗರಾಯ ಆ ಕಂಬಳಿಗೆ ನಿಂತ ನಿಲುವಿನಲ್ಲೇ ಒಂದು ಜಾಗ ಹುಡುಕಿ ಕೊಡುತ್ತಿದ್ದ. ಒತ್ತಾಯ ಮಾಡಿದರೆ ಅದಕ್ಕೆ ಎಷ್ಟು ತೂತು ಬಿದ್ದಿದ್ದವು, ಯಾರು ಹೊಲಿದರು ಎಂಬುದನ್ನೂ ಹೇಳುತ್ತಿದ್ದ.

ಎದುರಿಗೆ ಅಮೀನಗಡದ ಮಾಯವ್ವ, ನಾಗೇಶಿ ಮೇಳದ ಸೇನಾಧಿಪತಿ. ಮಾಳಿಂಗರಾಯ ಹಾಡಿ ಮುಗಿಸುವ ತನಕ ಎಲೆ ಅಡಿಕೆ ಅಗಿಯುತ್ತ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ನಿಂತು, "ಏ ಮಾಳಿಂಗಣ್ಣಾ, ಹ್ವಾದ ವರ್ಷ ಆ ಕಂಬಳಿ ಕೈಲಾಸದಾಗಿತ್ತು. ಈ ವರ್ಷ ಪಾತಾಳಕ್ಕ ಯಾವ ಬಸ್ಸು ಹತ್ತಿ ಬಂತು?" ಎನ್ನುತ್ತಿದ್ದಳು. ಗುಡಿಯ ಕಟ್ಟೆಯ ಮೇಲೆ ಕೂತವರು ಬಿದ್ದು ಬಿದ್ದು ನಗುತ್ತಿದ್ದರು.

ಪದ ನಡೆಯುತ್ತಿದ್ದ ಆ ಅಮಾವಾಸ್ಯೆಯ ಮಧ್ಯಾಹ್ನಗಳು ಎಂಥವಿದ್ದವು! ಬಿಸಿಲಿಗಿಟ್ಟು ಬಿಗಿ ಮಾಡಿದ ಡೊಳ್ಳಿನ ಚರ್ಮದ ವಾಸನೆ, ಗಾಳಿಯಲ್ಲಿ ಹಾರುವ ಭಂಡಾರದ ಹಳದಿ ಪುಡಿ, ಬೇವಿನ ನೆರಳಿನಲ್ಲಿ ಬಿಚ್ಚಿದ ರೊಟ್ಟಿಬುತ್ತಿ, ಅಳುವ ಕೂಸಿಗೆ ಮೊಲೆ ಕೊಡುತ್ತಲೇ "ಹೌದ್ಹೌದು!" ಎಂದು ಕೂಗುವ ತಾಯಂದಿರು. ಸುಳ್ಳು ಆಗಲೂ ಧಾರಾಳವಾಗಿತ್ತು, ಇವತ್ತಿಗಿಂತ ಹೆಚ್ಚೇ ಇತ್ತು. ಆದರೆ ಅದರ ಆಯುಷ್ಯ ಒಂದು ಪದದಷ್ಟು. ಮಾಯವ್ವನ ಸರದಿ ಬಂತೆಂದರೆ ಅದರ ತಿಥಿ ಮುಗಿಯುತ್ತಿತ್ತು, ನಾವು ಊಟ ಮಾಡಿ ಮನೆಗೆ ಹೋಗುತ್ತಿದ್ದೆವು.

ಕಾಲ ಸರಿಯಿತು. ಮದುವೆಗಳಿಗೆ ದೊಡ್ಡ ಸ್ಪೀಕರ್ ಡಬ್ಬಿಯ ಹಾಡುಗಳು ಬಂದವು. ಮೇಳದವರು ಒಬ್ಬೊಬ್ಬರೇ ಕರಗಿದರು. ಮಾಯವ್ವನ ಮೊಣಕಾಲು ಹಿಡಿದುಕೊಂಡಿತು; ಅವಳು ಅರವತ್ತೆರಡು ಕುರಿಗಳೊಂದಿಗೆ ತನ್ನ ದೊಡ್ಡಿಯಲ್ಲೇ ಉಳಿದಳು. ಸಾವಿರ ಮಂದಿಯನ್ನು ಹಿಡಿದು ಕೂರಿಸುತ್ತಿದ್ದ ಮಾಳಿಂಗರಾಯನಿಗೆ ಕೊನೆಗೆ ಉಳಿದ ಸಭೆಯೆಂದರೆ ಬಸ್ ಸ್ಟ್ಯಾಂಡಿನ ಯುನೂಸನ ಚಹಾದಂಗಡಿ. ಯುನೂಸನೂ ಹಾಲು ಉಕ್ಕುವಾಗ ಕೇಳುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಚುನಾವಣೆ ಬಂತು. ಮಾಳಿಂಗರಾಯ ತಲೆಗೆ ಹೊಸ ಪಟಗ ಸುತ್ತಿಕೊಂಡು ಓಟು ಹಾಕಲು ಹೋದರೆ ಪಟ್ಟಿಯಲ್ಲಿ ಅವನ ಹೆಸರಿಲ್ಲ. "ಯಾಕ ಹೋತ್ರಿ ನನ್ನ ಹೆಸರು?" ಎಂದು ಕೇಳಿದ. ಮೇಜಿನ ಆಚೆಯವನು ತಲೆ ಎತ್ತದೆ, "ಗೊತ್ತಿಲ್ರಿ ಯಜಮಾನ್ರ, ಸರೀರಿ, ಹಿಂದಿನವರು ಬರ್ಲಿ" ಎಂದ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಬೈಗಳು ಬೈದು ಮನೆಗೆ ಹೋಗುತ್ತಿದ್ದರು. ಆದರೆ ಇವನು ಜವಾಬಿಲ್ಲದ ಸವಾಲನ್ನು ಹೆಗಲಿಗೆ ಹೊತ್ತು ತಿರುಗುವ ಜಾತಿಯವನಲ್ಲ. ನಲವತ್ತೈದು ವರ್ಷ ಓಟು ಹಾಕಿದವನ ಹೆಸರು ಸುಮ್ಮನೆ ಹೋಗುತ್ತದೆಯೇ? ಯಾರದೋ ಕೈತಪ್ಪಿನಿಂದ ಹೋಯಿತು ಎಂದರೆ ಮಾಳಿಂಗರಾಯ ಅಂಥ ಕಿಮ್ಮತ್ತಿಲ್ಲದ ಮನುಷ್ಯನೇ? ಯಾರೋ ದೊಡ್ಡವರು ಕೂತು, ನಕಾಶೆ ಹಾಕಿ, ಶಿರೂರಿನ ಮಾಳಿಂಗರಾಯನನ್ನು ತೆಗೆಯದಿದ್ದರೆ ಕೆಲಸ ಕೆಡುತ್ತದೆ ಎಂದು ನಿರ್ಧರಿಸಿರಬೇಕು. ಹಾಗೆಂದುಕೊಂಡ ಮೇಲೆ ಅವನಿಗೆ ಸ್ವಲ್ಪ ಸಮಾಧಾನವೂ ಆಯಿತು.

ಅದೇ ತಿಂಗಳು ಪಶು ವೈದ್ಯೆ ಶುಭದಾ ಬಂದು ಅವನ ಕುರಿಗಳಿಗೆ ರೋಗ ತಡೆಯುವ ಸೂಜಿ ಹಾಕಿ, ಕಿವಿಗೆ ಹಳದಿ ಬಿಲ್ಲೆ ಚುಚ್ಚಿ ಹೋಗಿದ್ದಳು. ಮೂರನೆಯ ದಿನ ಮಾಳಿಂಗರಾಯ ಚಹಾದಂಗಡಿಗೆ ಬಂದಾಗ ಅವನ ಮುಖದಲ್ಲಿ ಕೋಟೆ ಗೆದ್ದ ಕಳೆಯಿತ್ತು.

"ಯುನೂಸಾ, ಆಧಾರ ಕಾರ್ಡಿನ್ಯಾಗ ಎಷ್ಟು ಅಂಕಿ?"

"ಹನ್ನೆರಡು, ಕಾಕಾ."

"ಕುರಿ ಕಿವ್ಯಾಗಿನ ಬಿಲ್ಲಿ ಮ್ಯಾಲ?"

ಯುನೂಸ ಹೊರಗೆ ಕಟ್ಟಿದ್ದ ಕುರಿಯ ಕಿವಿ ಹಿಡಿದು ಎಣಿಸಿ ಬಂದ. "ಹನ್ನೆರಡ ಅದಾವ!"

"ಮತ್ತ? ಕುರಿಗೆ ಓಟು ಮಾಡ್ಯಾರೋ ತಮ್ಮಾ. ಒಂದು ಕುರಿ ಹೆಸರು ಒಳಗ ಹ್ವಾದ್ರ ಒಬ್ಬ ಕುರುಬನ ಹೆಸರು ಹೊರಗ. ನಮ್ಮ ಕಡೆ ಮಂದಿಗಿಂತ ಕುರಿ ಜಾಸ್ತಿ. ಇನ್ನ ಮ್ಯಾಲ ಯಾರು ಆರಿಸಿ ಬರಬೇಕನ್ನೂದು ಕುರಿ ಕೈಯಾಗ."

"ಇಷ್ಟು ದಿನ ಯಾರ ಕೈಯಾಗಿತ್ತು ಕಾಕಾ?" ಎಂದ ಯುನೂಸ. ಆದರೂ ಫೋನು ತೆಗೆದು, "ಇದನ್ನ ಪದಾ ಕಟ್ಟಿ ಹಾಡ್ರಿ, ರಿಕಾರ್ಡ್ ಮಾಡ್ತೇನಿ" ಎಂದ.

ಆ ಪದ ಮೊದಲು ಶಿರೂರಿನ ವಾಟ್ಸಾಪ್ ಗುಂಪಿಗೆ ಹೋಯಿತು. ಮರುದಿನ ಹುನಗುಂದ, ಅದರ ಮರುದಿನ ಇಳಕಲ್ಲ. ವಾರದೊಳಗೆ ಅಪರಿಚಿತರು ಬಸ್ಸಿನ ಕಿಟಕಿಯಿಂದ, "ಕುರಿ ಓಟಿನ ಮಾಳಿಂಗಪ್ಪ ನೀವನ ಏನ್ರಿ?" ಎಂದು ಕೈಮುಗಿದರು. ಕೆಲವರಿಗೆ ಅವನ ಮಾತಿನಲ್ಲಿ ತಮ್ಮದೇ ಹಳೆಯ ಸಿಟ್ಟು ಕೇಳಿಸಿತು; ಕೆಲವರಿಗೆ ರಾಗ ಹಿಡಿಸಿತು; ಮಿಕ್ಕವರು ಇನ್ನೊಬ್ಬರಿಗಿಂತ ಮೊದಲು ಕಳಿಸಬೇಕೆಂದು ಕಳಿಸಿದರು. ಹದಿನೈದು ವರ್ಷದ ಮೇಲೆ ಮಾಳಿಂಗರಾಯನಿಗೆ ಮತ್ತೆ ಸಭೆ ಸಿಕ್ಕಿತ್ತು. ಪಟಗದ ತುದಿ ಒಂದು ಗೇಣು ಉದ್ದವಾಯಿತು.

ಒಂದು ಮುಂಜಾನೆ ಶುಭದಾಳ ಜೀಪು ಚಹಾದಂಗಡಿಯ ಮುಂದೆ ನಿಂತಿತು.

"ಅಜ್ಜಾರ, ನಿಮ್ಮ ಪದಾ ಛಂದ ಅದ. ಆದ್ರ ಅಮೀನಗಡದ ಮಾಯವ್ವ ಕುರಿಗೆ ಬಿಲ್ಲಿ ಹಾಕ್ತಾರಂತ ದೊಡ್ಡಿ ಬಾಗಲಾ ತಗೀವಲ್ರು. ಪಕ್ಕದ ಊರಿಗೆ ಹಿರೇಬ್ಯಾನಿ ಬಂದದ. ಅಲ್ಲೆ ಕುರಿ ಮೂಗು ಸುರಿಸಿಕೋತ, ಭೇದಿ ಹತ್ತಿ ಸಾಯ್ಲಿಕತ್ತಾವ. ಇವತ್ತ ಸೂಜಿ ಹಾಕಿದ್ರೂ ಮೈಯಾಗ ಶಕ್ತಿ ಬರಲಿಕ್ಕೆ ಹತ್ತು ದಿನ ಬೇಕು."

ಮಾಳಿಂಗರಾಯನ ಕಿವಿಗೆ ಬ್ಯಾನಿಯ ಮಾತು ಬೀಳಲೇ ಇಲ್ಲ. "ಮಾಯವ್ವ ನಂಬಿದ್ಲ? ನನ್ನ ಮಾತು?"

"ಹೂಂ ಮತ್ತ. 'ಮಾಳಿಂಗಣ್ಣ ಹೇಳ್ಯಾನ' ಅಂತಾರ."

ಅರ್ಧ ಕಪ್ಪು ಚಹಾ ಕುಡಿಯುವಷ್ಟು ಹೊತ್ತು ಅವನು ಮೂರು ಲೋಕದ ಒಡೆಯನಾಗಿದ್ದ. ನಲವತ್ತು ವರ್ಷ ಒಂದು ಮಾತನ್ನೂ ಒಪ್ಪದ ಹೆಂಗಸು ಒಪ್ಪಿದ್ದಳು! ಉಳಿದರ್ಧ ಕಪ್ಪನ್ನು ಬದಿಗಿಟ್ಟ. ಅರವತ್ತೆರಡು ಕುರಿ ಬಿಟ್ಟರೆ ಮಾಯವ್ವನಿಗೆ ಬೇರೆ ಆಸರೆ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಸುಳ್ಳನ್ನು ಹಿಡಿಯಬೇಕಾದವಳು ಅವಳು. ಅವಳೇ ನಂಬಿದ ಮೇಲೆ ಅವನನ್ನು ತಡೆಯುವವರು ಇನ್ನು ಯಾರು?

ಅವನು ಜೀಪು ಹತ್ತಿದ.

ಮಾಯವ್ವ ದೊಡ್ಡಿಯ ಮುಳ್ಳಿನ ಬಾಗಿಲ ಹಿಂದೆ ಬಡಿಗೆ ಊರಿ ನಿಂತಿದ್ದಳು.

"ಮಾಯವ್ವಾ, ಬಾಗಲಾ ತಗಿ. ನಾ ಹಾಡಿದ್ದು ಸುಳ್ಳೈತಿ."

ಮಾಯವ್ವ ಜೀಪನ್ನು ನೋಡಿದಳು, ಅವನನ್ನು ನೋಡಿದಳು. "ಹೆದರಿಸಿ ಕರಕೊಂಡು ಬಂದಾರೇನೋ ಯಣ್ಣಾ?"

"ಯಾರೂ ಹೆದರಿಸಿಲ್ಲ. ನಾನಾಗಿ ಬಂದೇನಿ."

"ಸರಕಾರಿ ಜೀಪಿನ್ಯಾಗ?"

"ಬಸ್ಸು ತಡಾ ಇತ್ತು."

"ಬಸ್ಸೂ ಅವರ ತಡಾ ಮಾಡ್ಸಿರಬೇಕು. ಹಂಗ ಐತಲ್ಲ ನಿನ್ನ ಪದದಾಗ? 'ಸುಳ್ಳಂತ ಹೇಳಾಕ ಒಬ್ಬನ್ನ ಕಳಿಸ್ತಾರ, ನಂಬಬ್ಯಾಡ್ರಿ' ಅಂತ ಮೂರನೇ ನುಡಿ."

ನಿಜ, ಆ ನುಡಿ ಅವನದೇ. ಯಾವ ಎದುರಾಳಿಯೂ ಒಳಗೆ ಬರಬಾರದೆಂದು ಅವನು ನಾಲ್ಕೂ ದಿಕ್ಕಿಗೆ ಗೋಡೆ ಕಟ್ಟಿದ್ದ. ಈಗ ಗೋಡೆಯ ಹೊರಗೆ ನಿಂತವನು ತಾನೇ. ಬೆವರು ಒರೆಸಿಕೊಂಡು ಕೇಳಿದ:

"ಅಲ್ಲಬೇ, ನನ್ನ ಒಂದು ಮಾತೂ ಬಿಡದಂಗ ಹಿಡೀತಿದ್ದಿ. ಇದನ್ನ ಯಾಕ ಬಿಟ್ಟಿ?"

"ಆಗ ನಿನ್ನ ಮಾರಿ ಕಾಣ್ತಿತ್ತು. ಸುಳ್ಳು ಹೇಳೂ ಮುಂದ ನಿನ್ನ ಎಡಗಡೆ ಹುಬ್ಬು ಮ್ಯಾಲೇರ್ತೈತಿ. ನಲವತ್ತು ವರ್ಷ ಅದನ್ನ ನೋಡಿ ನಾ ಜವಾಬು ಕಟ್ಟೇನಿ. ಫೋನಿನ್ಯಾಗ ಹುಬ್ಬು ಎಲ್ಲಿ ಐತಿ? ಬರೇ ದನಿ ಬಂತು. ಭಾಳ ದಿನದ ಮ್ಯಾಲ ನಿನ್ನ ದನಿ ಕೇಳಿ..." ಮಾಯವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಮರುಕ್ಷಣ ಬಡಿಗೆ ಕುಟ್ಟಿದಳು. "ಇರ್ಲಿ. ಸುಳ್ಳಾದ್ರ ಇದಕ್ಕ ಜವಾಬು ಕೊಡು. ನಿನ್ನ ಹೆಸರು ಯಾಕ ಹೋತು?"

ಮಾಳಿಂಗರಾಯ ಬಾಯಿ ತೆರೆದ. ನಾಲಿಗೆಯ ತುದಿಗೆ ಒಮ್ಮೆಗೇ ಆರು ಉತ್ತರಗಳು ಬಂದು ನಿಂತವು, ಒಂದಕ್ಕಿಂತ ಒಂದು ಚೆಂದ. ದೊಡ್ಡಿಯೊಳಗೆ ಒಂದು ಮರಿ ಸೀನಿತು. ಮಾಯವ್ವ ಗಾಬರಿಯಾಗಿ ತಿರುಗಿ ನೋಡಿದಳು.

"ಗೊತ್ತಿಲ್ಲ" ಎಂದ ಮಾಳಿಂಗರಾಯ.

"ಏನಂದಿ?"

"ನನಗ ಗೊತ್ತಿಲ್ಲವ್ವಾ. ಯಾಕ ಹೋತೋ ಏನೋ, ಖರೇನ ಗೊತ್ತಿಲ್ಲ."

ಮಾಯವ್ವ ಬಾಗಿಲಿಗೆ ಮುಖ ತಂದು ಅವನ ಎಡ ಹುಬ್ಬನ್ನು ಬಹಳ ಹೊತ್ತು ನೋಡಿದಳು. ಅದು ಕದಲಲಿಲ್ಲ, ಹಿಂಡಿದ ಬಟ್ಟೆಯ ಹಾಗೆ ಕಣ್ಣಿನ ಮೇಲೆ ಬಿದ್ದಿತ್ತು. ಅವಳು ಮುಳ್ಳು ಸರಿಸಿದಳು.

"ಸೂಜಿ ಹಾಕ್ರಿ ಡಾಕ್ಟರ್‌ಬಾಯಿ. ಬಿಲ್ಲಿ ಮಾತ್ರ ಬ್ಯಾಡ."

"ಬಿಲ್ಲಿ ಮುಂದಿನ ಸಲ ನೋಡೂಣು" ಎಂದಳು ಶುಭದಾ, ಜಾಣೆ.

ಆ ಹತ್ತು ದಿನ ಮಾಳಿಂಗರಾಯ ದಿನಾಲೂ ಬಸ್ಸು ಹಿಡಿದು ಬಂದು ಅರವತ್ತೆರಡು ಮೂಗುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಸೂಜಿ ಹಾಕುವ ವಯಸ್ಸಾಗದ ಎರಡು ಎಳೆ ಮರಿಗಳು ಬ್ಯಾನಿ ಹತ್ತಿ ಸತ್ತವು. ಅವುಗಳ ಗುಣಿ ಅವನೇ ತೋಡಿದ. ಮಾಯವ್ವ ಗುಣಿಯ ಮೇಲೆ ಒಂದು ಚಿಟಿಕೆ ಭಂಡಾರ ಚೆಲ್ಲಿ ಒಳಗೆ ಹೋದಳು. ಅದು ಅವನಿಗೆ ಬೈಗಳಿಗಿಂತ ಭಾರವಾಯಿತು. ಉಳಿದ ಅರವತ್ತು ಉಳಿದವು.

ತಪ್ಪೊಪ್ಪಿಗೆಯನ್ನೂ ಅವನು ಪದ ಕಟ್ಟಿ ಹಾಡಿದ, ಯುನೂಸ ಕಳಿಸಿದ. ಅದು ಶಿರೂರಿನ ಅಗಸಿ ಬಾಗಿಲನ್ನೂ ದಾಟಲಿಲ್ಲ. "ಇದರಾಗ ಮಜಾ ಇಲ್ಲ ಕಾಕಾ, ಯಾರು ಮುಂದ ಕಳಿಸ್ತಾರ?" ಎಂದ ಯುನೂಸ. ಕೊನೆಗೆ ಶುಭದಾ ಮಾಳಿಂಗರಾಯ, ಮಾಯವ್ವ ಇಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು, ಪದ ನಂಬಿ ಬಾಗಿಲು ಹಾಕಿದ್ದ ದೊಡ್ಡಿಯಿಂದ ದೊಡ್ಡಿಗೆ ಹೊರಟಳು.

ಮೊದಲನೆಯ ದೊಡ್ಡಿ ಹನಮಂತಪ್ಪನದು. ಅವನು ಇಬ್ಬರನ್ನೂ ಕಂಡು ಬಾಗಿಲು ಇನ್ನಷ್ಟು ಬಿಗಿದ.

"ಹರದೇಶಿ, ನಾಗೇಶಿ ಕೂಡಿ ಒಂದ ಮಾತು ಹೇಳಾಕ ಬಂದೀರಿ ಅಂದ್ರ ಇದರಾಗ ಏನೋ ದೊಡ್ಡದು ಐತಿ."

ಶುಭದಾ ತಲೆಯ ಮೇಲೆ ಕೈಯಿಟ್ಟುಕೊಂಡಳು. ಮಾಯವ್ವ ಮಾತ್ರ ಮಾಳಿಂಗರಾಯನ ಕಡೆ ತಿರುಗಿ, ಬಡಿಗೆ ಎತ್ತಿ, ಮುರುಕು ದನಿಯಲ್ಲಿ ಹಾಡಿನ ಧಾಟಿಯಲ್ಲೇ ಶುರುಮಾಡಿದಳು: "ಯಾರು ಕೂಡ್ಯಾರೋ ಈ ಮಬ್ಬನ ಕೂಡ? ಕುರಿಗೆ ಓಟು ಕೊಟ್ಟಾವ ಇಂವ, ನಾಳೆ ಹೋತಕ್ಕ ಮಂತ್ರಿಗಿರಿ ಕೊಟ್ಟಾನು!"

"ನಂಬಿದಾಕಿ ನೀ!" ಎಂದ ಮಾಳಿಂಗರಾಯ, ತಡೆಯಲಾರದೆ.

"ಹಾಡಿದಾವ ಯಾರೋ?"

"ಬಾಗಲಾ ಹಾಕ್ಕೊಂಡಾಕಿ ಯಾರು?"

ಅಕ್ಕಪಕ್ಕದ ದೊಡ್ಡಿಗಳಿಂದ ಜನ ಓಡಿ ಬಂದರು. ಯಾರೋ "ಹೌದ್ಹೌದು!" ಎಂದರು. ಹನಮಂತಪ್ಪ ಸರಿಯಾಗಿ ಕೇಳಿಸಲಿ ಎಂದು ಬಾಗಿಲು ತೆರೆದು ಹೊರಗೆ ಬಂದು ನಿಂತು ನಗತೊಡಗಿದ. ಶುಭದಾ ಅವನ ಪಕ್ಕದಿಂದ ಸದ್ದಿಲ್ಲದೆ ಒಳಗೆ ಸರಿದು, ಮೊದಲ ಕುರಿಯನ್ನು ಮೊಣಕಾಲಿನ ನಡುವೆ ಹಿಡಿದುಕೊಂಡಳು.