ಟೊಬ್ಯಾಕೊ ಎನ್ನದೆ ಹೋದವನು

ಮೊನ್ನೆ ನಿಪ್ಪಾಣಿಯ ನನ್ನ ದವಾಖಾನೆಯ ಹಿಂದಿನ ಮನೆಯಲ್ಲಿ, ಹಲ್ಲಿಗೆ ತಿಕ್ಕುವ ಮಿಸ್ರಿ ಮಾಡಲು ಯಾರೋ ಹಂಚಿನ ಮೇಲೆ ತಂಬಾಕು ಹುರಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ರೂಮ್‌ಮೇಟ್ ನೆನಪಾದ. ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ...

ಎಂಬತ್ತರ ದಶಕದ ಕೊನೆ. ಅವನು ಬೇಡಕಿಹಾಳದ ಜೈನ ಒಕ್ಕಲು ಮನೆತನದ ಹುಡುಗ, ನಾನು ಅಥಣಿಯವ. ಮೆಡಿಕಲ್ ಓದುತ್ತ ಒಂದೇ ಖೋಲಿಯಲ್ಲಿದ್ದೆವು. ನನ್ನದು ದೊಡ್ಡ ಬಾಯಿ. ಕ್ಲಾಸಿನಲ್ಲಿ ಗೊತ್ತಿಲ್ಲದ್ದನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ, ಸರ್ ತಲೆದೂಗುತ್ತಿದ್ದರು. ಅವನು ಗೊತ್ತಿದ್ದರೂ ನೆಲ ನೋಡುತ್ತ ನಿಲ್ಲುತ್ತಿದ್ದ. ಸರ್ ಅವನನ್ನು ಮೂಗ ಎಂದೇ ಕರೆಯುತ್ತಿದ್ದರು. ಆದರೆ ವಾರ್ಡಿನಲ್ಲಿ ಅವನನ್ನು ನೋಡಬೇಕಿತ್ತು! ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಸುಮ್ಮನೆ ಕೂತರೆ ಸಾಕು, ರೋಗಿಗಳು ಕನ್ನಡವೋ ಮರಾಠಿಯೋ ತಾವಾಗಿಯೇ ಎಲ್ಲ ಹೇಳಿಬಿಡುತ್ತಿದ್ದರು. ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರೂ ನನಗೆ ಅರ್ಧವೇ ಸಿಗುತ್ತಿತ್ತು.

ಸರ್ಜರಿಯಲ್ಲಿ ಒಮ್ಮೆ ಫೇಲಾಗಿದ್ದ. ಇನ್ನೊಮ್ಮೆ ಫೇಲಾದರೆ ಊರಿಗೆ ಬಂದು ಕಬ್ಬು ನೋಡಿಕೋ ಎಂದು ಅವನಪ್ಪ ಹೇಳಿಕಳಿಸಿದ್ದರು. ನಾನೇ ಪರೀಕ್ಷಕನಂತೆ ಕುರ್ಚಿಯಲ್ಲಿ ಕೂತು ದಿನಾ ಪ್ರಶ್ನೆ ಕೇಳಿದೆ. "ತುಂಬಿದ ಕೊಡ ತುಳುಕಂಗಿಲ್ಲ ಖರೆ. ಆದ್ರ ಪರೀಕ್ಷಾದಾಗ ತುಳುಕಬೇಕಲೇ," ಎಂದು ಬೈದೆ. ನಕ್ಕ, ಅಷ್ಟೇ.

ಪರೀಕ್ಷೆಯಲ್ಲಿ ಅವನ ಪಾಲಿಗೆ ಬಂದ ರೋಗಿ ಚಿಕ್ಕೋಡಿ ಕಡೆಯ ಒಂದು ಮನೆಯ ಸೊಸೆ. ಕೆನ್ನೆಯೊಳಗೆ ಮಾಯದ ಹುಣ್ಣು. ಬೇರೆ ಯಾರಿಗೂ ಹೇಳದ್ದನ್ನು ಇವನಿಗೆ ಹೇಳಿದ್ದಳು: ಮನೆಯವರ ಕಣ್ಣು ತಪ್ಪಿಸಿ ಮಿಸ್ರಿ ತಿಕ್ಕುತ್ತಿದ್ದಳು. ತಂಬಾಕು ಮುಟ್ಟದ ವ್ರತ ಹಿಡಿದ ಅತ್ತೆಗೆ ತಿಳಿದರೆ ತವರಿಗೆ ಅಟ್ಟುತ್ತಾಳೆಂಬ ಹೆದರಿಕೆ ಅವಳಿಗೆ. ಪರೀಕ್ಷಕರು ಬರುವ ಹೊತ್ತಿಗೆ ಅತ್ತೆಯೂ ಬಂದು ತಲೆದೆಸೆಗೆ ನಿಂತಳು. ಹುಣ್ಣಿಗೆ ಕಾರಣವೇನೆಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಇಂಗ್ಲಿಷಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ತಂಬಾಕಿನ ವ್ಯಾಪಾರದ ಈ ಸೀಮೆಯಲ್ಲಿ ಟೊಬ್ಯಾಕೊ ಎಂದರೆ ಎಮ್ಮೆ ಕಾಯುವವರಿಗೂ ಗೊತ್ತು. ಇವನು ನೆಲ ನೋಡಿದ. ಮತ್ತೆ ಕೇಳಿದರು, ಮತ್ತೆ ನೆಲ ನೋಡಿದ. ಫೇಲು.

ಖೋಲಿಗೆ ಬಂದು ಇದನ್ನೆಲ್ಲ ಹೇಳಿದಾಗ ನನಗೆ ತಲೆ ಕೆಟ್ಟುಹೋಯಿತು. ಪರೀಕ್ಷಕರನ್ನು ಒಂದು ಗಳಿಗೆ ಪಕ್ಕಕ್ಕೆ ಕರೆದು ಹೇಳಬಾರದಿತ್ತೇ ಎಂದು ಕೂಗಾಡಿದೆ.

"ಅಷ್ಟು ದೊಡ್ಡವರನ್ನ ಬಾಜೂಕ ಬರ್ರಿ ಅಂತ ನಾ ಹೆಂಗ ಕರೀಲಿ?" ಎಂದ.

ಬೇಕಿದ್ದದ್ದು ಆ ಒಂದೇ ಮಾತು. ಅದು ಅವನ ಬಾಯಲ್ಲಿರಲಿಲ್ಲ. ಅದನ್ನು ಕಲಿಸುವುದೂ ತಮ್ಮ ಕೆಲಸ ಎಂದು ಕಲಿಸುವವರಲ್ಲಿ ಒಬ್ಬರಿಗೂ ಅನಿಸಲಿಲ್ಲ. ಟ್ರಂಕು ತುಂಬಿಕೊಂಡು ಊರಿಗೆ ಹೋದ, ತಿರುಗಿ ಬರಲಿಲ್ಲ... ಹೋದ ವರ್ಷ ತೀರಿಕೊಂಡ.

ಮೊನ್ನೆ ಆ ಘಾಟಿನ ನಡುವೆಯೇ ಒಬ್ಬ ಹೆಣ್ಣುಮಗಳು ಬಾಯಿಹುಣ್ಣು ತೋರಿಸಲು ಬಂದಳು. ಜೊತೆಗೆ ಬಂದಿದ್ದ ಅವಳ ಅತ್ತೆಯನ್ನು ಹೊರಗೆ ಕೂರಿಸಿ, ಮಿಸ್ರಿ ತಿಕ್ಕುತ್ತೀಯಾ ಎಂದು ಕೇಳಿದೆ. "ಇಲ್ರಿ," ಎಂದಳು. ಅವನಂತೆ ಸುಮ್ಮನೆ ಕೂರಲು ನೋಡಿದೆ. ಎಲ್ಲಿಯದು, ಬಾಯಿ ತಡೆಯಲಿಲ್ಲ. ಮತ್ತೆ ಕೇಳಿದೆ, ಮತ್ತೆ "ಇಲ್ರಿ". ಅವಳ ಹಲ್ಲು ಕರ್ರಗಿದ್ದವು. ಸುಮ್ಮನೆ ಕೂರಬಲ್ಲವನು ಬೇಡಕಿಹಾಳದಲ್ಲಿ ಕಬ್ಬು ನೋಡಿಕೊಂಡೇ ಹೋಗಿಬಿಟ್ಟ.