ಮೂರು ಸೆಕೆಂಡಿನ ಚೀಟಿ

ಕೊತ್ತಗೆರೆ ಬೆಟ್ಟಯ್ಯನ ಮಗ ತಿಮ್ಮೇಶ ಬುದ್ಧಿವಂತ ಎಂದು ಕುಣಿಗಲ್ಲಿನಲ್ಲಿ ಮೊದಲು ಹೇಳಿದವಳು ನಾನು. ಆಮೇಲೆ ಊರೆಲ್ಲ ಹೇಳಿತು. ಈಗ ಯಾರೂ ಹೇಳುವುದಿಲ್ಲ, ಅವನಿಗೂ ಅದು ಬೇಕಾಗಿಲ್ಲ.

ನಾನು ಹೊಂಬಾಳಮ್ಮ. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಮಹಡಿ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಆರು ಮೆಷಿನ್ನು, ಒಂದು ಫ್ಯಾನು, ದಿನವಿಡೀ ನನ್ನ ಬೈಗುಳ. ತಿಮ್ಮೇಶ ಬಂದದ್ದು 1996ರಲ್ಲಿ, ಕನ್ನಡ ಟೈಪಿಂಗಿನ ಜೂನಿಯರ್ ಪರೀಕ್ಷೆ ಕಟ್ಟುವುದಕ್ಕೆ. ಎಲ್ಲರೂ ಬೆರಳು ನೋಡಿಕೊಂಡು ಹೊಡೆದರೆ ಇವನು ಮೆಷಿನ್ನಿನ ಹೊಟ್ಟೆ ಬಗ್ಗಿ ನೋಡುತ್ತಿದ್ದ. "ಏನ್ಲಾ, ಟೈಪ್ ಕಲಿಯಕ್ಕೆ ಬಂದಿದೀಯೋ, ರಿಪೇರಿಗೆ ಬಂದಿದೀಯೋ?" ಎಂದು ಗದರಿದೆ. ವಾರದೊಳಗೆ ಕೆಟ್ಟು ಕೂತಿದ್ದ ಎರಡು ಮೆಷಿನ್ನು ಸರಿ ಮಾಡಿ ಕೊಟ್ಟ. ಬೈಯಲು ನನಗೆ ಏನೂ ಉಳಿಯಲಿಲ್ಲ.

ತುಮಕೂರಿಗೆ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ಡಿಪ್ಲೊಮಾ ಮುಗಿಸಿದ. 2000ದಲ್ಲಿ ಮತ್ತೆ ನನ್ನ ಮೆಟ್ಟಿಲು ಹತ್ತಿ, "ಮೇಡಂ, ಇವನ್ನೆಲ್ಲ ಮೂಲೆಗ್ ಹಾಕಿ. ಕಂಪ್ಯೂಟ್ರು ತರಣ," ಎಂದ. ತಲೆ ಕೆಟ್ಟಿದೆಯೇನೋ ನಿನಗೆ ಎಂದು ಅರ್ಧ ಗಂಟೆ ಕೂಗಾಡಿದೆ. ಮೂರು ತಿಂಗಳಿಗೆ ನಾಲ್ಕು ಕಂಪ್ಯೂಟರ್ ಬಂದವು, ಮರು ವರ್ಷ ಫೋನ್ ಲೈನಿನ ಇಂಟರ್ನೆಟ್ಟೂ ಬಂತು. ಅವನ ಅಪ್ಪ ಬೆಟ್ಟಯ್ಯನಿಗೆ ಮಾತ್ರ ಇದು ಯಾವುದೂ ಹಿಡಿಸಲಿಲ್ಲ. "ಗಂಡ್ಸು ಕುಂತ್ಕಂಡ್ ಗುಂಡಿ ಒತ್ತೋದೂ ಒಂದ್ ಗೇಯ್ಮೆಯಾ?" ಎಂದು ಹಾದಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಐದು ವರ್ಷ ಮಗನ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ.

ಪಿಯುಸಿ ರಿಸಲ್ಟ್ ಬರುವ ದಿನ ನಮ್ಮಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹುಲಿಯೂರುದುರ್ಗದ ಮೊದಲ ಬಸ್ಸಿಗೇ ಜನ ಬರುತ್ತಿದ್ದರು. ರಿಜಿಸ್ಟರ್ ನಂಬರ್ ಬರೆದ ಚೀಟಿ ಕೊಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದರು. ತಿಮ್ಮೇಶ ನಂಬರ್ ಹೊಡೆಯುವುದು, ನಾನು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಪಾಸು, ಫೇಲು ಎಂದು ಕೂಗುವುದು, ಇದು ಪದ್ಧತಿ. ನನ್ನ ಗಂಟಲು ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತದೆ, ಅದರಲ್ಲಿ ನನಗೆ ಹೆಮ್ಮೆಯೂ ಇತ್ತು. 2004ರಲ್ಲಿ ಹೀಗೆ ಫೇಲು ಎಂದು ಕೂಗಿದಾಗ ಒಂದು ಹುಡುಗಿ ಮೆಟ್ಟಿಲ ಮೇಲೇ ಬಿದ್ದುಹೋದಳು. ನೀರು ಹಾಕಿ ಎಬ್ಬಿಸಿದೆವು. ಅವಳು ಯಾರ ಮುಖವನ್ನೂ ನೋಡದೆ ಇಳಿದು ಹೋದಳು.

"ಬರೋ ವರ್ಷ ಕೂಗದ್ ಬೇಡ ಮೇಡಂ," ಎಂದ ತಿಮ್ಮೇಶ. "ಒಬ್ಬೊಬ್ರಿಗೂ ಮಡ್ಚಿದ್ ಚೀಟಿ ಕೊಡಣ. ಅವ್ರವ್ರೇ ನೋಡ್ಕಳ್ಲಿ."

ನೂರಾರು ಜನಕ್ಕೆ ಕೈಯಲ್ಲಿ ಬರೆದು ಕೊಡುವುದಾದರೆ ಸಂಜೆಯಾಗುತ್ತದೆ. ಅದಕ್ಕೇ ಅವನು ಒಂದು ಪುಟ ಮಾಡಿದ. ಆ ಪುಟದ ನಡುವೆ ಚೌಕಟ್ಟು, ಚೌಕಟ್ಟಿನೊಳಗೆ ರಿಸಲ್ಟಿನ ವೆಬ್‌ಸೈಟು. ಅದಕ್ಕೆ ಫ್ರೇಮ್ ಎನ್ನುತ್ತಾರಂತೆ. ನಂಬರುಗಳ ಪಟ್ಟಿ ಕೊಟ್ಟರೆ ಅವನು ಬರೆದ ಸ್ಕ್ರಿಪ್ಟು ಒಂದೊಂದೇ ನಂಬರನ್ನು ಫ್ರೇಮಿಗೆ ತುಂಬಿ, ಬಂದ ಅಂಕವನ್ನು ಅಲ್ಲಿಂದ ಎತ್ತಿಕೊಂಡು, ಚೀಟಿಯ ಮೇಲೆ ಪ್ರಿಂಟ್ ಹೊಡೆಯಬೇಕು. ಆದರೆ ಕಂಪ್ಯೂಟರ್ ಒಪ್ಪಲಿಲ್ಲ. ಬೇರೆಯವರ ಸೈಟು ಫ್ರೇಮಿನಲ್ಲಿ ಕಣ್ಣಿಗೆ ಕಂಡರೂ ನಮ್ಮ ಸ್ಕ್ರಿಪ್ಟು ಅದರೊಳಗೆ ಕೈ ಹಾಕುವಂತಿಲ್ಲ, ಅದು ನಿಯಮ. ತಿಂಗಳೆಲ್ಲ ಪರ್ಮಿಷನ್ ಇಲ್ಲ, ಪರ್ಮಿಷನ್ ಇಲ್ಲ ಎಂದು ತೋರಿಸುತ್ತಲೇ ಇತ್ತು. "ಬುಡೋ ಅತ್ಲಾಗೆ, ನಾನೇ ಮೆಲ್ಲಗ್ ಕೂಗ್ತೀನಿ," ಎಂದೆ. ಅವನು ಬಿಡಲಿಲ್ಲ. ಪುಟವನ್ನು ಬ್ರೌಸರಿನಲ್ಲಿ ತೆರೆಯದೆ, ಅದನ್ನೇ ಒಂದು ಬಿಡಿ ಪ್ರೋಗ್ರಾಮಿನ ಹಾಗೆ ಓಡಿಸಿದರೆ ಆ ತಡೆ ಇರುವುದಿಲ್ಲ ಎಂದು ಎಲ್ಲೋ ಓದಿಕೊಂಡು ಬಂದ. ಹಾಗೆ ಮಾಡಿದ. ಬಾಗಿಲು ತೆರೆಯಿತು.

ಏಪ್ರಿಲ್ ತಿಂಗಳಲ್ಲಿ ಹಿಂದಿನ ವರ್ಷದ ನಂಬರುಗಳನ್ನು ಹಾಕಿ ನೋಡಿದೆವು. ಎರಡು ಸೆಕೆಂಡಿಗೆ ಅಂಕ ಬರುತ್ತಿತ್ತು. ಅವನು ಒಂದು ಸೆಕೆಂಡು ಹೆಚ್ಚಿಗೆ ಸೇರಿಸಿ, ನಂಬರ್ ತುಂಬಿ ಮೂರು ಸೆಕೆಂಡು ಕಾದು ಎತ್ತಿಕೋ ಎಂದು ಬರೆದ. ಹೆಸರು, ನಂಬರು ನಮ್ಮ ಪಟ್ಟಿಯಿಂದ. ಅಂಕ ಮಾತ್ರ ಫ್ರೇಮಿನಿಂದ. ಕೆಳಗೆ ನಮ್ಮ ಇನ್‌ಸ್ಟಿಟ್ಯೂಟಿನ ದುಂಡು ಸೀಲು, ಅದು ನನ್ನ ಕೆಲಸ.

ಆ ವರ್ಷ ಪಿಯುಸಿ ಬರೆದವರಲ್ಲಿ ಅವನ ತಂಗಿ ತನುಶ್ರೀಯೂ ಇದ್ದಳು. ಬೆಟ್ಟಯ್ಯ ಒಂದೇ ಮಾತು ಹೇಳಿದ್ದ: ಪಾಸಾದರೆ ತುಮಕೂರಿನಲ್ಲಿ ಹಾಸ್ಟೆಲಿಗೆ ಹಾಕಿ ಮೇಷ್ಟರ ಟ್ರೈನಿಂಗ್ ಮಾಡಿಸುತ್ತೇನೆ, ಫೇಲಾದರೆ ಸೋದರಮಾವನಿಗೆ ಕೊಡುತ್ತೇನೆ. ಸೋದರಮಾವ ರಂಗರಾಜು ಗುಬ್ಬಿಯ ಕಡೆ ತೆಂಗಿನ ತೋಟ ಇಟ್ಟುಕೊಂಡಿದ್ದವನು, ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವನು. ಕೆಟ್ಟವನಲ್ಲ. ಆದರೆ ಹುಡುಗಿಗೆ ಮೇಷ್ಟ್ರಾಗಬೇಕು ಎಂಬುದೊಂದೇ ಆಸೆ. ನನ್ನಲ್ಲಿ ಟೈಪಿಂಗಿಗೆ ಬಂದಾಗ ಪಕ್ಕದ ಹುಡುಗಿಯರ ತಪ್ಪು ತಿದ್ದುತ್ತಾ ಕೂರುತ್ತಿದ್ದಳು. "ಮೇಡಂ ನೀವಾ, ನಾನಾ?" ಎಂದು ರೇಗಿಸುತ್ತಿದ್ದೆ.

ರಿಸಲ್ಟಿನ ದಿನ ಬೆಟ್ಟಯ್ಯ ತಾನೇ ಬಂದ. ಐದು ವರ್ಷಕ್ಕೆ ಮೊದಲ ಸಲ ಮೆಟ್ಟಿಲು ಹತ್ತಿದ. ಮೆಟ್ಟಿಲ ತುಂಬ ಜನ, ಎಲ್ಲರ ಬಾಯಲ್ಲೂ ತಿಮ್ಮೇಶಣ್ಣ, ತಿಮ್ಮೇಶಣ್ಣ. ಕುರ್ಚಿ ಹಾಕಿ ಕೂರಿಸಿದೆ. ಪ್ರಿಂಟರಿನಿಂದ ಚೀಟಿಗಳು ಒಂದರ ಹಿಂದೆ ಒಂದು ಉದುರುವುದನ್ನು ನೋಡಿ, "ಇದ್ನೆಲ್ಲ ಇವ್ನೇ ಮಾಡವ್ನಾ?" ಎಂದು ಕೇಳಿದ. "ಇನ್ನ್ಯಾರು ಮಾಡ್ತಾರೆ? ನಿಮ್ಮ ಮಗನೇ ಕಣಪ್ಪ!" ಎಂದೆ. ಬೆಟ್ಟಯ್ಯ ಪಕ್ಕದವನ ಕಡೆ ತಿರುಗಿ, ನನ್ನ ಮಗ ಎಂದ. ತಿಮ್ಮೇಶನ ಕಿವಿ ಕೆಂಪಗಾಯಿತು. ಅಷ್ಟು ಸಂತೋಷವಾಗಿ ಅವನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಹನ್ನೊಂದರ ಹೊತ್ತಿಗೆ ತನುಶ್ರೀಯ ಚೀಟಿ ಬಂತು. ನೂರ ಎಂಬತ್ತೇಳು, ಅನುತ್ತೀರ್ಣ. ತಿಮ್ಮೇಶ ಪರದೆ ನೋಡುತ್ತಿದ್ದ, ಚೀಟಿ ನೋಡಲಿಲ್ಲ. ನಾನು ಸೀಲು ಒತ್ತಿ ಮಡಚಿ ಕೊಟ್ಟೆ. ಬೆಟ್ಟಯ್ಯ ಬಿಚ್ಚಿ ಓದಿದ, ಜೇಬಿಗೆ ಇಟ್ಟುಕೊಂಡ. "ಆಯ್ತು ಬುಡು. ಹಣೇಲಿ ಬರ್ದಿದ್ದು," ಎಂದು ಎದ್ದು ಹೋದ.

ಅರ್ಧ ಗಂಟೆಗೆ ಹುಲಿಯೂರುದುರ್ಗದ ಇಬ್ಬರು ಸ್ನೇಹಿತರು ನಗುತ್ತಾ ಮತ್ತೆ ಮೇಲೆ ಬಂದರು. "ಮೇಡಂ, ಫೇಲಾಗದ್ರಲ್ಲೂ ನಮ್ಮಿಬ್ರಿಗೂ ಒಂದೇ ಮಾರ್ಕ್ಸಾ?" ಇಬ್ಬರದೂ ನೂರ ಎಂಬತ್ತೇಳು. ತಿಮ್ಮೇಶ ಚೀಟಿಗಳನ್ನು ಹಿಡಿದು ನೋಡಿದ. ಪರದೆಯ ಕಡೆ ತಿರುಗಿ ಆ ಎರಡು ನಂಬರನ್ನೂ ಮತ್ತೆ ಹೊಡೆದ. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದ: ಹತ್ತೂಮುಕ್ಕಾಲಿಂದ ಸೈಟು ನಡುನಡುವೆ ನಿಧಾನವಾಗಿದೆ. ಹೊಸ ಪುಟ ಬರುವುದಕ್ಕೆ ಹತ್ತು ಸೆಕೆಂಡು ಹಿಡಿದಿದೆ. ಸ್ಕ್ರಿಪ್ಟು ಮೂರು ಸೆಕೆಂಡಿಗೇ ಕೈ ಹಾಕಿದೆ. ಫ್ರೇಮಿನಲ್ಲಿ ಇನ್ನೂ ಹಿಂದಿನವನ ಅಂಕವೇ ಇತ್ತು, ಅದನ್ನೇ ಎತ್ತಿಕೊಂಡಿದೆ.

ಅವನು ಎರಡು ಸಾಲು ಬರೆದ. ಪುಟ ಪೂರ್ತಿ ಬಂತೆಂದು ಫ್ರೇಮೇ ಹೇಳುವವರೆಗೆ ಕಾಯುವುದು ಒಂದು, ಅದರಲ್ಲಿರುವ ನಂಬರು ಕೇಳಿದ ನಂಬರೇ ಹೌದೋ ಎಂದು ನೋಡುವುದು ಇನ್ನೊಂದು. ಎಲ್ಲವನ್ನೂ ಮತ್ತೆ ಓಡಿಸಿದ. ಹನ್ನೊಂದು ಚೀಟಿ ತಪ್ಪಾಗಿದ್ದವು. ತನುಶ್ರೀಗೆ ನಾನೂರ ಮೂವತ್ತೆಂಟು, ಪ್ರಥಮ ದರ್ಜೆ.

"ಓಡೋ, ನಿಮ್ಮಪ್ಪ ಇನ್ನೂ ಬಸ್ ಸ್ಟ್ಯಾಂಡಲ್ಲೇ ಇರ್ತಾರೆ!" ಎಂದೆ.

"ಸಂಜೆ ಮನೇಗ್ ಹೋಗ್ತೀನಲ್ಲ ಮೇಡಂ. ಹೇಳ್ತೀನಿ."

ಮೆಟ್ಟಿಲ ಮೇಲೆ ಇನ್ನೂ ಜನ ಇದ್ದರು. ಚೀಟಿ ತಪ್ಪೆಂದು ಗೊತ್ತಾದರೆ ಮೇಜು ಕುರ್ಚಿ ಉಳಿಯುವುದಿಲ್ಲ ಎಂದು ನನಗೂ ಭಯವಿತ್ತು. ಆ ಇಬ್ಬರಿಗೆ ಬೇರೆ ಚೀಟಿ ಕೊಟ್ಟು ಮೆಲ್ಲಗೆ ಸಾಗಹಾಕಿದೆ. ಮೆಲ್ಲಗೆ ಮಾತಾಡಿ ಎಂದವಳೂ ನಾನೇ.

ಸಂಜೆ ಅವನು ಹೇಳಲಿಲ್ಲ. ಊಟಕ್ಕೆ ಕೂತಾಗ ಅಪ್ಪ ಅವನ ತಟ್ಟೆಗೆ ತಾನೇ ಮುದ್ದೆ ಇಟ್ಟು, ಊರವರೆಲ್ಲ ನಿನ್ನ ಕೊಂಡಾಡುತ್ತಿದ್ದರು ಎಂದನಂತೆ. ಇದನ್ನು ನನಗೆ ಹೇಳುವಾಗ ತಿಮ್ಮೇಶನ ಮುಖದಲ್ಲಿ ಏನೂ ಇರಲಿಲ್ಲ. "ಕಾಲೇಜ್ ಬೋರ್ಡಿಗೆ ಹಾಕ್ತಾರೆ ಮೇಡಂ. ತಾನಾಗೇ ಗೊತ್ತಾಯ್ತದೆ," ಎಂದ.

"ಥೂ, ನಿನ್ನ ಬಾಯಿಗಿಷ್ಟು! ಹೇಳೋದಕ್ಕೇನು ನಿನಗೆ ಧಾಡಿ?" ಎಂದು ಕೂಗಿದೆ. ಅವನು ಕೀಬೋರ್ಡ್ ಒರೆಸುತ್ತಾ ಕೂತ.

ಬೋರ್ಡಿಗೆ ಮಾರನೆಯ ದಿನವೇ ಹಾಕಿದರು. ಚೀಟಿ ತಪ್ಪಾಗಿದ್ದ ಉಳಿದವರೆಲ್ಲ ಬೋರ್ಡು ನೋಡಿ ಸರಿಮಾಡಿಕೊಂಡರು. ಒಂದಿಬ್ಬರು ಬಂದು ಬೈದರು, ಒಬ್ಬನ ತಾಯಿ ಬಾಳೆಹಣ್ಣು ತಂದುಕೊಟ್ಟಳು. ಯಾರೂ ಕುರ್ಚಿ ಮುರಿಯಲಿಲ್ಲ. ಬೇರೆಯವರು ನಮ್ಮ ಚೀಟಿಯನ್ನು ಅಷ್ಟೇನೂ ನಂಬಿರಲಿಲ್ಲ. ನಂಬಿದ್ದು ಅವನ ಮನೆಯವರು ಮಾತ್ರ.

ಮೂರನೆಯ ದಿನ ಮಧ್ಯಾಹ್ನ ತನುಶ್ರೀ ಬಂದಳು. ಎಂದಿನಂತೆ ಮಾತಿಲ್ಲ. ಅಣ್ಣನ ಎದುರಿನ ಕುರ್ಚಿಯಲ್ಲಿ ಕೂತು, "ಅಣ್ಣ, ನನ್ ನಂಬರ್ ಇನ್ನೊಂದ್ಸಲ ಹೊಡ್ದು ನೋಡು," ಎಂದಳು.

ತಿಮ್ಮೇಶ ಅವಳ ಕಡೆ ನೋಡಲಿಲ್ಲ. "ಸರ್ವರ್ ಡೌನ್ ಐತೆ ಕಣಮ್ಮ," ಎಂದ.

ಅವಳು ಐದು ನಿಮಿಷ ಹಾಗೇ ಕೂತಿದ್ದಳು. ನಾನು ಪಕ್ಕದ ಮೇಜಿನ ಹಳೆಯ ಮೆಷಿನ್ನಿನಲ್ಲಿ ಯಾರದೋ ಅರ್ಜಿ ಟೈಪ್ ಮಾಡುತ್ತಿದ್ದೆ. ಅವಳು ನನ್ನ ಕಡೆ ತಿರುಗಿದಳು. ಅಣ್ಣ ತಂಗಿಯ ವಿಷಯ, ಅವನೇ ಹೇಳಬೇಕು, ನಡುವೆ ನಾನ್ಯಾರು ಎಂದುಕೊಂಡೆ. ಕಾಗದ ಮೇಲಕ್ಕೆ ತಿರುಗಿಸಿ ಮುಂದಿನ ಸಾಲು ಹೊಡೆದೆ. ಅವಳು ಎದ್ದು ಹೋದಳು.

ಮಾರನೆಯ ದಿನ ಶುಕ್ರವಾರ, ಗುಬ್ಬಿಯವರು ಬಂದು ಎಲೆ ಅಡಿಕೆ ಬದಲಾಯಿಸಿಕೊಂಡು ಹೋದರು. ನಮ್ಮ ಕಡೆ ಎಲೆ ಅಡಿಕೆ ಕೈ ಬದಲಾಯಿತೆಂದರೆ ಮಾತು ಮುಗಿಯಿತು, ಹಿಂದಕ್ಕೆ ತೆಗೆಯುವಂತಿಲ್ಲ. ಜೂನಿನಲ್ಲಿ ಮದುವೆ. ನಾನು ಹೋಗಿದ್ದೆ. ತಿಮ್ಮೇಶ ಊಟ ಬಡಿಸುತ್ತಿದ್ದ. ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದ.

ಆಮೇಲೆ ಅವನ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಿದ್ದ, ಸಂಜೆ ಬೀಗ ಹಾಕುತ್ತಿದ್ದ. ಸ್ಕ್ರಿಪ್ಟು ಬರೆಯುವುದನ್ನು ಬಿಟ್ಟ. ರಿಸಲ್ಟಿನ ದಿನ ರಜೆ ಹಾಕುತ್ತಿದ್ದ. ನಾನು ಬೈದರೆ ಮೊದಲೆಲ್ಲ ನಗುತ್ತಿದ್ದವನು ಈಗ ನನ್ನ ಬೈಗುಳ ಮುಗಿಯುವವರೆಗೆ ಕಾದು ಸರಿ ಮೇಡಂ ಎನ್ನುತ್ತಿದ್ದ. ಹೆಣ್ಣು ತೋರಿಸಿದರೆ ನೋಡುತ್ತಿದ್ದ, ಒಪ್ಪಿದೆ ಎನ್ನುತ್ತಿರಲಿಲ್ಲ, ಇಲ್ಲ ಎನ್ನುತ್ತಲೂ ಇರಲಿಲ್ಲ. ನನಗೂ ಅವನ ಮೇಲೆ ಸಿಟ್ಟು ಬರುವುದು ನಿಂತುಹೋಯಿತು. ಅದು ನನಗೇ ಸರಿಕಾಣಲಿಲ್ಲ.

2008ರಲ್ಲಿ ಒಂದು ದಿನ ತನುಶ್ರೀ ಮೆಟ್ಟಿಲು ಹತ್ತಿ ಬಂದಳು. ಸೊಂಟದಲ್ಲಿ ಎರಡು ವರ್ಷದ ಹೆಣ್ಣುಮಗು. ಗುಬ್ಬಿಯ ಹತ್ತಿರ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಖಾಲಿ ಇದೆ, ಅರ್ಜಿ ಹಾಕಬೇಕು, ಪಿಯುಸಿ ಮಾರ್ಕ್ಸ್ ಕಾರ್ಡ್ ಬೇಕು ಎಂದಳು. ಅದನ್ನು ಕಾಲೇಜಿನಿಂದ ತಂದವನು ತಿಮ್ಮೇಶ, ಡ್ರಾಯರಿನಲ್ಲಿ ಮೂರು ವರ್ಷ ಇಟ್ಟುಕೊಂಡಿದ್ದ. ತೆಗೆದುಕೊಟ್ಟ.

"ತನು, ಅವತ್ತು ಏನಾಯ್ತು ಅಂದ್ರೆ," ಎಂದು ಶುರುಮಾಡಿದ. ಫ್ರೇಮು, ಮೂರು ಸೆಕೆಂಡು, ಹಿಂದಿನವನ ಅಂಕ, ಎಲ್ಲವನ್ನೂ ಹೇಳಿದ. ಅವಳು ಮಗುವಿನ ಮೂಗು ಒರೆಸುತ್ತಾ ಕೇಳಿಸಿಕೊಂಡಳು.

"ಗೊತ್ತಿತ್ತು ಬುಡಣ್ಣ," ಎಂದಳು. "ಬೋರ್ಡ್ ನೋಡ್ಕಂಡೇ ಅವತ್ತು ನಿನ್ ತಾವ ಬಂದಿದ್ದು. ಅಪ್ಪಂಗೂ ಹೇಳಿದ್ದೆ. ಬೋರ್ಡ್ ಬರ್ದೋರು ಯಾರೋ ಏನೋ, ನನ್ ಮಗ ಕಂಪ್ಯೂಟ್ರಲ್ಲಿ ತೆಗ್ದಿರದು ಸುಳ್ಳಾಯ್ತದಾ ಅಂದ್ರು. ಅವ್ನ್ ಬಾಯಲ್ಲಿ ಒಂದ್ ಮಾತ್ ಹೇಳ್ಸು, ನಾಳೆ ಗುಬ್ಬಿಯೋರ್ಗೆ ಬರ್ಬೇಡಿ ಅಂತ ಹೇಳಿ ಕಳಿಸ್ತೀನಿ ಅಂದ್ರು."

ತಿಮ್ಮೇಶ ಡ್ರಾಯರು ಮುಚ್ಚಲಿಲ್ಲ. ಅದರ ಅಂಚು ಹಿಡಿದುಕೊಂಡು ನಿಂತಿದ್ದ. ಅವಳು ಮಾರ್ಕ್ಸ್ ಕಾರ್ಡನ್ನು ಮಡಚದೆ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವಳು ನನ್ನ ಮೇಜಿನ ಹತ್ತಿರ ನಿಂತಳು. ದನಿ ಏರಿಸಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ.

"ನೀವೂ ಇಲ್ಲೇ ಕುಂತಿದ್ರಿ, ಅಲ್ವಾ ಮೇಡಂ?"

ಹೌದು ಎಂದೆ.