ಗಡಿಕಲ್ಲಿನ ಮೇಲೆ ಎರಡು ಮೊಬೈಲು

ಇವತ್ತು ಬೆಳಿಗ್ಗೆ ನಮ್ಮ ತೋಟದ ಬೇಲಿ ಹತ್ತಿರ ಎರಡು ಮೊಬೈಲುಗಳು ಪಂಚಾಯ್ತಿಗೆ ಕೂತಿದ್ದವು, ಸ್ನೇಹಿತರೇ. ನಮ್ಮ ತೆಂಗಿನ ಮರವೊಂದು ಬುಡವನ್ನು ನಮ್ಮ ಕಡೆ ಇಟ್ಟುಕೊಂಡು ತಲೆಯನ್ನು ಪಕ್ಕದ ತೋಟದ ಶಿವಣ್ಣ ಮಾವನ ಕಡೆ ಚಾಚಿದೆ. ಕಾಯಿ ಬೀಳುವುದೆಲ್ಲ ಅಲ್ಲಿಗೇ.

"ಮರ ನಂದು, ಕಾಯೂ ನಂದೇ" ಎಂದರು ಅಪ್ಪ.

"ನಮ್ ತೋಟ್ದಾಗೆ ಬಿದ್ಮೇಲೆ ನಮ್ದು ಕಣ್ಲಾ. ಬೇಕಾದ್ರೆ ಎಐನ ಕೇಳು!" ಎಂದರು ಮಾವ.

ಅಪ್ಪ ಕೇಳಿದರು. "ನಿಮ್ಮ ಮಾತಿನಲ್ಲಿ ನ್ಯಾಯವಿದೆ" ಎಂದಿತು ಅವರ ಮೊಬೈಲು. ಮಾವನೂ ಕೇಳಿದರು. ಅವರ ಮೊಬೈಲು ಅವರಿಗೂ ಅದನ್ನೇ ಹೇಳಿತು.

"ಇಬ್ರಿಗೂ ನೀನೇ ಸರಿ ಅಂತೈತಲ್ಲ, ಎಲೆಕ್ಷನ್‌ಗೇನಾದ್ರೂ ನಿಂತೈತಾ ಇದು?" ಎಂದು ಅಪ್ಪ ರೇಗಿದರು.

ಕೊನೆಗೆ ಎರಡನ್ನೂ ಗಡಿಕಲ್ಲಿನ ಮೇಲೆ ಎದುರುಬದುರು ಇಟ್ಟು, ನೀವೇ ಮಾತಾಡಿಕೊಂಡು ತೀರ್ಮಾನ ಹೇಳಿ ಎಂದರು. ಮೊಬೈಲುಗಳು ಎಷ್ಟು ವಿನಯದಿಂದ ಮಾತಾಡಿದವೆಂದರೆ, ಇವರಿಬ್ಬರೂ ಕೈಕಟ್ಟಿ ನಿಂತು ಕೇಳತೊಡಗಿದರು. ನಮ್ಮ ಬೇಲಿ ಇಷ್ಟು ಮರ್ಯಾದೆಯ ಮಾತನ್ನು ಈವರೆಗೆ ಕೇಳಿದ್ದೇ ಇಲ್ಲ.

ಅಷ್ಟರಲ್ಲಿ ಮೇಲಿಂದ ಇನ್ನೊಂದು ಕಾಯಿ ಧೊಪ್ಪೆಂದು ಬಿತ್ತು. ಅಪ್ಪ ಪಂಚೆ ಎತ್ತಿಕಟ್ಟಿ ಬೇಲಿ ದಾಟಿದರು. ಮಾವ ಅವರಿಗಿಂತ ಮೊದಲೇ ಓಡಿದ್ದರು. ಕಾಯಿ ಇಬ್ಬರ ಕೈಗೂ ಸಿಕ್ಕಿತು.

"ಬುಡ್ಲಾ!"

"ನೀನ್ ಬುಡ್ಲಾ ಮೊದ್ಲು!"

ಗಡಿಕಲ್ಲಿನ ಮೇಲಿದ್ದ ಒಂದು ಮೊಬೈಲು ಇನ್ನೂ ಹೇಳುತ್ತಲೇ ಇತ್ತು: "ಈ ಇಬ್ಬರು ಹಿರಿಯರ ತಾಳ್ಮೆ ನಿಜಕ್ಕೂ ಮೆಚ್ಚುವಂಥದ್ದು."

ಇನ್ನೊಂದು ಮೊಬೈಲು ಅದಕ್ಕೂ ಒಪ್ಪಿಕೊಂಡಿತು.